ಹಾರ್ಮೋನಿಯಂ ಮನೆಗೆ ಯಾವ ಅಂಟು?

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ರಾತ್ರಿ ನಾಟಕಗಳೂ ಶುರು. ಊರ ಮುಂದಿನ ಬಯಲಲ್ಲಿ ಬಾಡಿಗೆ ಸೀನರಿ ಏಳುತ್ತದೆ, ಗದೆ ಕಿರೀಟಗಳ ಟ್ರಂಕು ಇಳಿಯುತ್ತದೆ. ಹಗಲೆಲ್ಲ ಹೊಲದಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ದುಡಿದವರು ಬಣ್ಣ ಹಚ್ಚಿಕೊಂಡು ದುರ್ಯೋಧನ, ಶಕುನಿ, ಕೃಷ್ಣರಾಗುತ್ತಾರೆ. ರಂಗದ ಒಂದು ಮಗ್ಗುಲಲ್ಲಿ ಕಾಲು ಹಾರ್ಮೋನಿಯಂ ಮುಂದೆ ಮೇಷ್ಟ್ರು ಕೂತಿರುತ್ತಾರೆ. ಪದ್ಯ ಎತ್ತುವ ಮೊದಲು ಶ್ರುತಿ ಕೊಡುವವರು ಅವರು, ತಾಳ ತಪ್ಪಿದ ಪಾತ್ರಧಾರಿಯನ್ನು ಜನಕ್ಕೆ ಗೊತ್ತಾಗದಂತೆ ದಾರಿಗೆ ತರುವವರು ಅವರು, ‘ಒನ್ಸ್ ಮೋರ್’ ಎಂಬ ಕೂಗು ಬಂದಾಗ ಅದೇ ಕಂದವನ್ನು ಮತ್ತೆ ಎತ್ತಿಕೊಡುವವರೂ ಅವರೇ. ರಾತ್ರಿ ಹತ್ತಕ್ಕೆ ಶುರುವಾದ ಆಟ ಮುಗಿಯುವಾಗ ಬೆಳ್ಳಿ ಮೂಡಿರುತ್ತದೆ. ಅಷ್ಟು ಹೊತ್ತೂ ಅವರ ಬೆರಳು ಬೀಳುತ್ತಿರುವುದು ಮನೆಗಳ, ಅಂದರೆ ಒತ್ತುವ ಕೀಲಿಗಳ, ಮರಕ್ಕೆ ಅಂಟಿಸಿದ, ಒಂದು ಮಿಲಿಮೀಟರ್ ಆಸುಪಾಸು ದಪ್ಪದ ಬಿಳಿ ಪಟ್ಟಿಗಳ ಮೇಲೆ.

ಆ ಪಟ್ಟಿ ಒಂದಲ್ಲ ಒಂದು ದಿನ ಕಿತ್ತು ಬರುತ್ತದೆ. ಆಗ ಕೈ ಹೋಗುವುದು ಕಿರಾಣಿ ಅಂಗಡಿಯಲ್ಲೂ ತೂಗುಬಿಟ್ಟಿರುವ ಫೆವಿಕ್ವಿಕ್ ಟ್ಯೂಬಿನ ಕಡೆಗೆ. ಒಂದು ತೊಟ್ಟು ಬಿಟ್ಟು ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು, ಇನ್ನು ಜನ್ಮದಲ್ಲಿ ಬಿಡದು ಎಂಬ ಸಮಾಧಾನ. ಆ ಸಮಾಧಾನದಲ್ಲೇ ತೊಂದರೆ ಇದೆ ಎಂಬುದು ಈ ಲೇಖನದ ವಾದ. ವಾದ್ಯಕ್ಕೆ ಬೇಕಾದ ಅಂಟು ದಿನದ ಕೆಲಸಕ್ಕೆ ಸಾಕಾಗುವಷ್ಟು ಗಟ್ಟಿ ಹಿಡಿಯಬೇಕು, ಬೇಕೆಂದಾಗ ಬಿಡಬೇಕು, ಬಿಡುವಾಗ ಮರವನ್ನೂ ಪಟ್ಟಿಯನ್ನೂ ಕೆಡಿಸಬಾರದು. ಎಂದೂ ಬಿಡದ ಅಂಟನ್ನು ಒಳ್ಳೆಯದೆಂದು ನಂಬಿ ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳನ್ನು ನಾವೇ ಕೆಡಿಸುತ್ತಿದ್ದೇವೆ.

ಪೆಟ್ಟಿಗೆ ಬಂದ ದಾರಿ

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1840ರ ದಶಕದಲ್ಲಿ. ಅದನ್ನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ವಾದ್ಯವಾಗಿ ಮಾರ್ಪಡಿಸಿದ ಕೀರ್ತಿ ಕಲ್ಕತ್ತದ ದ್ವಾರಕಾನಾಥ ಘೋಷ್ ಅವರದು. ಅವರ ದ್ವಾರ್ಕಿನ್ ಕಂಪನಿ ಶುರುವಾದದ್ದು 1875ರಲ್ಲಿ. ಪಾರ್ಸಿ ಮತ್ತು ಮರಾಠಿ ನಾಟಕ ಕಂಪನಿಗಳ ಜೊತೆ ಊರೂರು ಸುತ್ತಿದ ಈ ವಾದ್ಯ ಕನ್ನಡದ ಕಂಪನಿ ನಾಟಕಗಳಿಗೂ ಬಂತು. ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ಕಂಪನಿಗಳ ರಂಗಗೀತೆಗಳು ಹಳ್ಳಿಗೆ ಇಳಿದವು, ಹಾಡಿನ ಹಿಂದೆಯೇ ಪೆಟ್ಟಿಗೆಯೂ ಇಳಿಯಿತು. ಎರಡು ಕೈಯೂ ಮನೆಗಳ ಮೇಲೆ ಆಡಲಿ ಎಂದು ತಿದಿಯನ್ನು ಕಾಲಿಗೆ ಕೊಟ್ಟ ಕಾಲು ಹಾರ್ಮೋನಿಯಂ ನಾಟಕದವರ ಮೆಚ್ಚಿನ ವಾದ್ಯವಾಯಿತು. ಸರ್ಕಾರಿ ರೇಡಿಯೊ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿ, 1971ರ ತನಕ ಆ ನಿಷೇಧವನ್ನು ಸಡಿಲಿಸಲಿಲ್ಲ. ಅಷ್ಟು ಕಾಲವೂ ಕುರುಕ್ಷೇತ್ರದ, ಶನಿಪ್ರಭಾವದ ರಂಗದಲ್ಲಿ ಅದು ಒಂದು ರಾತ್ರಿಯೂ ಸುಮ್ಮನಿರಲಿಲ್ಲ. ದೊಡ್ಡ ಸಂಸ್ಥೆಗಳ ಆಸರೆಯಿಲ್ಲದೆ ಹಳ್ಳಿಯಲ್ಲಿ ಬೆಳೆದ ವಾದ್ಯವಾದ್ದರಿಂದ ಅದರ ರಿಪೇರಿಯೂ ಹಳ್ಳಿಯಲ್ಲೇ, ಮೇಷ್ಟ್ರ ಕೈಯಲ್ಲೇ, ಹತ್ತಿರದ ಬಡಗಿಯ ಕೈಯಲ್ಲೇ ಆಗಬೇಕು. ಅಂಟಿನ ಪ್ರಶ್ನೆ ಇಷ್ಟು ಮುಖ್ಯವಾಗುವುದು ಅದಕ್ಕೇ.

ಪೆಟ್ಟಿಗೆಯ ಒಳಗಿನ ಕೆಲಸ ಸರಳವಾದದ್ದು. ಒಂದೊಂದು ಮನೆಯೂ ತೇಗದ್ದೋ ದೇವದಾರಿನದೋ ಒಂದು ಮರದ ಪಟ್ಟಿ. ಅದನ್ನು ಒತ್ತಿದಾಗ ತೊಗಲು ಹಚ್ಚಿದ ಪುಟ್ಟ ಮುಚ್ಚಳ ತೆರೆಯುತ್ತದೆ, ತಿದಿಯ ಗಾಳಿ ಹಿತ್ತಾಳೆಯ ರೀಡಿನ ನಾಲಿಗೆಯನ್ನು ಮಿಡಿಸುತ್ತದೆ, ಬೆರಳು ಎತ್ತಿದರೆ ತಂತಿಯ ಸ್ಪ್ರಿಂಗು ಮುಚ್ಚಳವನ್ನು ಮತ್ತೆ ಒತ್ತಿಡುತ್ತದೆ. ಮೇಲಿನ ಬಿಳಿ ಪಟ್ಟಿಗೂ ನಾದಕ್ಕೂ ಸಂಬಂಧವಿಲ್ಲ. ಬೆರಳಿಗೆ ನುಣುಪು ಕೊಡುವುದು, ಬೆವರಿನಿಂದ ಮರವನ್ನು ಕಾಯುವುದು, ಮಂದ ಬೆಳಕಲ್ಲೂ ಕಪ್ಪು ಬಿಳಿ ಬೇರೆ ಕಾಣಿಸುವುದು ಅದರ ಕೆಲಸ. ಪಟ್ಟಿ ಹೋದರೂ ವಾದ್ಯ ನುಡಿಯುತ್ತದೆ. ಆದರೆ ತಪ್ಪು ಅಂಟು ಬಿದ್ದರೆ ವಾದ್ಯವೇ ನಿಲ್ಲಬಹುದು.

ಆನೆಯ ದಂತದಿಂದ ಪ್ಲಾಸ್ಟಿಕ್‌ಗೆ

ಮರದ ಮನೆಗೆ ಬಿಳಿ ಹೊದಿಕೆ ಹಚ್ಚುವ ಪದ್ಧತಿ ಪಿಯಾನೋದಿಂದ ಬಂದದ್ದು. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಪಿಯಾನೋದಲ್ಲಿ ಪಳಗಿದವರು, ರಷ್ಯದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಅಂಥ ಅರಮನೆಗಳಿಗೂ ಬೆಂಗಳೂರು ದಂಡಿನ ಚರ್ಚು, ಶಾಲೆಗಳಿಗೂ ಬಂದ ಹಳೆಯ ಪಿಯಾನೋಗಳ ಕಾಲದಲ್ಲಿ ಮನೆಗಳ ಮೇಲೆ ಆನೆಯ ದಂತದ ತೆಳು ಹಲ್ಲೆ ಇರುತ್ತಿತ್ತು. ದಂತದ ಹಲ್ಲೆ ತೆಳುವಾದರೆ ಅಡಿಯ ಬಣ್ಣ ತೋರುತ್ತದೆ. ಅದಕ್ಕೇ ಮರಕ್ಕೂ ದಂತಕ್ಕೂ ನಡುವೆ ಬಿಳಿಯ ತೆಳು ಬಟ್ಟೆ ಇಟ್ಟು ಸರೇಸಿನಲ್ಲಿ ಅಂಟಿಸುತ್ತಿದ್ದರು. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಸರೇಸಿಗೆ ಒಂದು ದೊಡ್ಡ ಗುಣವಿದೆ. ಬೆಚ್ಚಗಿನ ತೇವ ತಾಗಿದರೆ ಎಷ್ಟು ವರ್ಷದ ಮೇಲಾದರೂ ಅದು ಮೆದುವಾಗಿ ಬಿಡುತ್ತದೆ. ನೂರು ವರ್ಷದ ಹಿಂದಿನ ಪಿಯಾನೋದ ದಂತವನ್ನು ಒದ್ದೆ ಬಟ್ಟೆ ಹಾಕಿ ಬಿಸಿ ಕೊಟ್ಟು ಇಡಿಯಾಗಿ ಎತ್ತಲು ಆಗುವುದು ಇದರಿಂದಲೇ.

ದಂತದ ಬದಲಿಗೆ ಮೊದಲು ಬಂದದ್ದು ಸೆಲ್ಯುಲಾಯ್ಡ್. 1870ರ ಹೊತ್ತಿಗೆ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಇದನ್ನು ರೂಪಿಸಿದ್ದು ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಏನಾದರೂ ಸಿಕ್ಕೀತೇ ಎಂಬ ಹುಡುಕಾಟದಲ್ಲಿ. ಹತ್ತಿಯ ನಾರಿಗೆ ಆಮ್ಲದ ಸಂಸ್ಕಾರ ಕೊಟ್ಟು ಕರ್ಪೂರ ಬೆರೆಸಿ ಮಾಡಿದ ವಸ್ತು ಅದು. ಹಳೆಯ ಸಿನಿಮಾ ರೀಲು ಕೂಡ ಅದೇ, ಬೆಂಕಿ ತಾಗಿದರೆ ಭಗ್ಗೆಂದು ಉರಿಯುವುದೂ ಅದೇ. ಆಮೇಲೆ ಅಕ್ರಿಲಿಕ್ ಮತ್ತಿತರ ಪ್ಲಾಸ್ಟಿಕ್‌ಗಳು ಬಂದವು. 1989ರಲ್ಲಿ ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ತೀರ್ಮಾನವಾಯಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆ ಮತ್ತು ಅದರ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಲ್ಲಿಸಿದವು. ಆದದ್ದು ಒಳ್ಳೆಯದೇ. ಆದರೆ ಹೊದಿಕೆ ಬದಲಾದಾಗ ಅಂಟೂ ಬದಲಾಗಬೇಕಾಯಿತು. ದಂತ, ಮರ, ತೊಗಲು, ಬಟ್ಟೆ ಎಲ್ಲವನ್ನೂ ಹಿಡಿಯುವ ಸರೇಸಿಗೆ ನುಣ್ಣನೆಯ ಪ್ಲಾಸ್ಟಿಕ್ ಮೇಲೆ ಹಿಡಿತವಿಲ್ಲ. ಈಗ ನಮ್ಮ ಹಳ್ಳಿಗಳಲ್ಲಿರುವ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಹಳೆಯವಕ್ಕೆ ಸೆಲ್ಯುಲಾಯ್ಡ್ ಇರಬಹುದು. ಯಾವುದೆಂದು ಗೊತ್ತಾಗದೆ ಅಂಟು ಆರಿಸಬಾರದು. ಒಣ ಬಟ್ಟೆಯಿಂದ ಪಟ್ಟಿಯ ಮೂಲೆಯನ್ನು ಬೆಚ್ಚಗಾಗುವ ತನಕ ಉಜ್ಜಿ ಮೂಸಿದರೆ ಸೆಲ್ಯುಲಾಯ್ಡ್ ಬಹಳ ಸಲ ಕರ್ಪೂರದ ವಾಸನೆ ಕೊಡುತ್ತದೆ. ಹಳದಿಗೆ ತಿರುಗಿದ್ದರೆ, ಕೂದಲೆಳೆಯಂಥ ಬಿರುಕು ಬಿಟ್ಟಿದ್ದರೆ ಅನುಮಾನ ಇನ್ನೂ ಹೆಚ್ಚು. ಬೆಂಕಿಕಡ್ಡಿ ಹಿಡಿದು, ಕಾಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡುವವರಿದ್ದಾರೆ. ದಯವಿಟ್ಟು ಬೇಡ.

ಬಿಸಿಲಿನ ಲೆಕ್ಕ

ಈ ನಾಲ್ಕು ತಾಲ್ಲೂಕುಗಳ ಹವೆ ಅಂಟಿಗೆ ಒಡ್ಡುವ ಪರೀಕ್ಷೆ ಸಣ್ಣದಲ್ಲ. ಪಾವಗಡದ ಬಿಸಿಲು ಎಂಥದ್ದೆಂದರೆ, ತಿರುಮಣಿಯ ಸುತ್ತ 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕು ಬಂದಿರುವುದೇ ಅದಕ್ಕಾಗಿ. ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ, ಶಿರಾದ ಬಯಲಲ್ಲಿ ಮಾರ್ಚ್, ಏಪ್ರಿಲ್‌ನ ಒಣ ಗಾಳಿ ಮರದ ತೇವವನ್ನೆಲ್ಲ ಹೀರಿಬಿಡುತ್ತದೆ. ಜಾತ್ರೆ, ನಾಟಕಗಳ ಕಾಲ ಅದೇ. ಇನ್ನು ಜಯಮಂಗಲಿ, ಸುವರ್ಣಮುಖಿ ಹೊಳೆಗಳ ಕೊರಟಗೆರೆ ಕಡೆ ಮಳೆಗಾಲದಲ್ಲಿ ಅದೇ ಮರ ತೇವ ಕುಡಿದು ಉಬ್ಬುತ್ತದೆ, ಮನೆಗಳು ಒಂದಕ್ಕೊಂದು ಉಜ್ಜಿ ಸಿಕ್ಕಿಕೊಳ್ಳುತ್ತವೆ.

ಇಲ್ಲಿ ಒಂದು ಲೆಕ್ಕ ನೋಡಬೇಕು. ಹತ್ತು ಸೆಂಟಿಮೀಟರ್ ಉದ್ದದ ಅಕ್ರಿಲಿಕ್ ಪಟ್ಟಿ ಎಂದುಕೊಳ್ಳೋಣ. ನಸುಕಿನಲ್ಲಿ 20 ಡಿಗ್ರಿ ಇದ್ದ ಪೆಟ್ಟಿಗೆ, ನಾಟಕ ಮುಗಿಸಿ ಇನ್ನೊಂದು ಊರಿಗೆ ಹೊರಟ ಟೆಂಪೋದಲ್ಲಿ ಮಧ್ಯಾಹ್ನದ ಹೊತ್ತಿಗೆ 50 ಡಿಗ್ರಿಗೆ ಕಾಯುತ್ತದೆ. ಮೂವತ್ತು ಡಿಗ್ರಿ ಏರಿಕೆಗೆ ಆ ಪಟ್ಟಿ ಸುಮಾರು 0.2 ಮಿಲಿಮೀಟರ್ ಉದ್ದವಾಗುತ್ತದೆ. ಅಡಿಯ ಮರ ಎಳೆಯ ಉದ್ದಕ್ಕೆ ಅದರ ಹತ್ತರಲ್ಲಿ ಒಂದು ಪಾಲೂ ಬೆಳೆಯುವುದಿಲ್ಲ. ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ಈ ಎಳೆದಾಟ ಬೀಳುವುದು ನಡುವಿನ ಅಂಟಿನ ಮೇಲೆ. ರಾತ್ರಿ ತಣ್ಣಗಾದಾಗ ಮತ್ತೆ ಹಿಂದಕ್ಕೆ. ತೇವದ ಕಥೆ ಇದಕ್ಕೆ ತಿರುವುಮುರುವು. ಮಳೆಗಾಲದಲ್ಲಿ ಮರ ಉದ್ದಕ್ಕೆ ಬೆಳೆಯದಿದ್ದರೂ ಅಡ್ಡಕ್ಕೆ ಉಬ್ಬುತ್ತದೆ, ಆಗ ಸುಮ್ಮನಿರುವುದು ಪ್ಲಾಸ್ಟಿಕ್. ಒಂದು ವರ್ಷದಲ್ಲಿ ನೂರಾರು ಸಲ ನಡೆಯುವ ಈ ಸೆಳೆತಕ್ಕೆ ಗಾಜಿನಂತೆ ಬಿಗಿದುಕೊಂಡ ಅಂಟು ಮೂಲೆಯಿಂದ ಬಿರುಕುಬಿಡಲು ಶುರುಮಾಡುತ್ತದೆ. ಕೊಂಚ ಬಾಗಿ, ಕೊಂಚ ಹಿಗ್ಗಿ ಜೊತೆಗೆ ಹೋಗುವ ಅಂಟು ಹೆಚ್ಚು ಕಾಲ ನಿಲ್ಲುತ್ತದೆ. ಟ್ಯೂಬಿನ ಮೇಲೆ ಬರೆದಿರುವ ಕಿಲೋಗ್ರಾಂ ಲೆಕ್ಕದ ಬಲ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೆರಳು ಪಟ್ಟಿಯನ್ನು ಮರದ ಕಡೆಗೆ ಒತ್ತುತ್ತದೆಯೇ ಹೊರತು ಮೇಲಕ್ಕೆ ಕೀಳುವುದಿಲ್ಲವಲ್ಲ.

ಕಿತ್ತ ಪಟ್ಟಿಯ ಬೆನ್ನು

ಯಾವ ಅಂಟು ಎಂದು ಕೇಳುವ ಮೊದಲು ಹಿಂದಿನ ಅಂಟು ಯಾಕೆ ಬಿಟ್ಟಿತು ಎಂದು ನೋಡಬೇಕು. ಅದರ ಉತ್ತರ ಕಿತ್ತ ಪಟ್ಟಿಯ ಬೆನ್ನಿನಲ್ಲೇ ಬರೆದಿರುತ್ತದೆ. ಬೆನ್ನು ತೊಳೆದಂತೆ ಸ್ವಚ್ಛವಾಗಿದ್ದು, ಅಂಟೆಲ್ಲ ಮರದ ಮೇಲೆಯೇ ಉಳಿದಿದ್ದರೆ ಅಂಟು ಪ್ಲಾಸ್ಟಿಕ್ಕನ್ನು ಹಿಡಿದೇ ಇರಲಿಲ್ಲ. ಬೆನ್ನನ್ನು ಉಜ್ಜುಕಾಗದದಲ್ಲಿ ತರಿಮಾಡದೆ ಅಂಟಿಸಿದ್ದಾರೆ. ಎರಡೂ ಕಡೆ ಪುಡಿಪುಡಿಯಾದ ಅಂಟಿದ್ದರೆ ಅದು ಮುಪ್ಪಾಗಿ ಒಣಗಿ ಒಡೆದಿದೆ. ಎಣ್ಣೆಯಂಥ ಜಿಡ್ಡು ಕಂಡರೆ ಬೆವರು, ಕೊಳೆ ಅಂಚಿನಿಂದ ಒಳಗಿಳಿದಿದೆ. ಪಟ್ಟಿಯ ಬೆನ್ನಿಗೆ ಮರದ ಸೀಳುಗಳು ಹತ್ತಿಕೊಂಡು ಬಂದಿದ್ದರೆ ಅಂಟು ಮರಕ್ಕಿಂತ ಗಟ್ಟಿಯಾಗಿತ್ತೆಂದು ಅರ್ಥ. ಸೋತದ್ದು ಮರ. ಈ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅಂಟು ಬಿಟ್ಟರೆ ಮತ್ತೆ ಹಚ್ಚಬಹುದು, ಮರ ಸೀಳಿ ಗುಳಿಬಿದ್ದರೆ ಅದನ್ನು ತುಂಬಿ, ಸಮಮಾಡಿ, ಪಕ್ಕದ ಮನೆಗಳ ಎತ್ತರಕ್ಕೆ ತರುವುದು ನುರಿತ ಬಡಗಿಗೂ ಕಷ್ಟ. ಅಂಟು ಎಂದಾದರೂ ಸೋಲಲೇಬೇಕಾದರೆ ತಾನು ಹಿಡಿದ ವಸ್ತುಗಳಿಗಿಂತ ಮೊದಲು ಅದೇ ಸೋಲಲಿ.

ಅಂಗಡಿಯಲ್ಲಿ ಸಿಗುವವು

ಈ ಅಳತೆಗೋಲು ಹಿಡಿದು ನೋಡಿದರೆ ಫೆವಿಕ್ವಿಕ್ ಜಾತಿಯ ದಿಢೀರ್ ಅಂಟು ಮೊದಲಿಗೇ ಬಿದ್ದುಹೋಗುತ್ತದೆ. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬೇರೇನೋ ಹುಡುಕುತ್ತಿದ್ದಾಗ ಸಿಕ್ಕ ರಾಸಾಯನಿಕ ಇದು, ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಗಾಳಿಯ, ಮೇಲ್ಮೈಯ ತೇವ ತಾಗಿದೊಡನೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಪೆಡಸು. ನೇರ ಎಳೆತಕ್ಕೆ ಜಗ್ಗದಿದ್ದರೂ ಅಂಚಿನಿಂದ ಸುಲಿದರೆ, ಫಕ್ಕನೆ ಪೆಟ್ಟು ಬಿದ್ದರೆ ಬಿಟ್ಟುಕೊಡುತ್ತದೆ. ನೀರಿನಂತೆ ತೆಳ್ಳಗಿರುವುದರಿಂದ ಎರಡು ಮನೆಗಳ ನಡುವಿನ ಸಂದಿಗೆ ತಾನಾಗಿ ಹರಿದುಹೋಗುತ್ತದೆ. ಒಂದು ಪಟ್ಟಿ ಕೂರಿಸಲು ಹೋಗಿ ಎರಡು ಮನೆ ಒಂದಕ್ಕೊಂದು ಹತ್ತಿಕೊಂಡರೆ ನಾಟಕ ಅಲ್ಲಿಗೆ ನಿಂತಿತು. ಅದರ ಆವಿ ಪಟ್ಟಿಯ ಮೇಲೆ ಬೂದಿಯಂತೆ ಬಿಳಿಚಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಆಕ್ಷೇಪ ಮುಂದೆ ಬರುತ್ತದೆ. ಈ ಅಂಟನ್ನು ಕರಗಿಸಲು ಬೇಕಾದದ್ದು ಅಸಿಟೋನ್, ಅಂದರೆ ಉಗುರು ಬಣ್ಣ ತೆಗೆಯಲು ಬಳಸುವಂಥ ದ್ರಾವಣ. ಅದೇ ಅಸಿಟೋನ್ ಸೆಲ್ಯುಲಾಯ್ಡನ್ನು ಕರಗಿಸುತ್ತದೆ, ಅಕ್ರಿಲಿಕ್ಕನ್ನು ಮಂಕುಮಾಡಿ ಬಿರುಕುಬಿಡಿಸುತ್ತದೆ. ಅಂಟು ತೆಗೆಯಲು ಹೋದರೆ ಪಟ್ಟಿಯೇ ಹೋಗುತ್ತದೆ. ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಅಂಟಿಗೂ ಇದೇ ಮಾತು: ಗುಳಿ ತುಂಬಲು ಒಳ್ಳೆಯದು, ಒಡೆದ ಮರ ಕೂಡಿಸಲು ಒಳ್ಳೆಯದು, ಪಟ್ಟಿಗೆ ಬೇಡ.

ಬಿಳಿ ಫೆವಿಕಾಲ್ ವಿಚಾರ ಬೇರೆ. 1959ರಲ್ಲಿ ಅದು ಬಂದಾಗ ನಮ್ಮ ಬಡಗಿಗಳು ರಾತ್ರಿ ನೆನೆಹಾಕಿ, ಬೆಳಗ್ಗೆ ಒಲೆ ಹಚ್ಚಿ ಕಾಸುವ ಸರೇಸಿನ ಪಾಡಿನಿಂದ ಪಾರಾದರು. ಮರಕ್ಕೆ ಮರ, ಮರಕ್ಕೆ ಬಟ್ಟೆ, ಮರಕ್ಕೆ ತೊಗಲು ಅದರ ಕ್ಷೇತ್ರ. ಅದರೊಳಗಿನ ನೀರು ಯಾವುದಾದರೂ ಒಂದು ಕಡೆಗೆ ಹೀರಿಕೊಂಡು ಹೋಗಬೇಕು, ಆಗಷ್ಟೇ ಹಿಡಿಯುತ್ತದೆ. ಮರ ಹೀರುತ್ತದೆ, ಪ್ಲಾಸ್ಟಿಕ್ ಹೀರುವುದಿಲ್ಲ. ಹಾಗಾಗಿ ನುಣುಪು ಬೆನ್ನಿನ ಪಟ್ಟಿಗೆ ಹಚ್ಚಿದರೆ ಒಂದೆರಡು ತಿಂಗಳಲ್ಲಿ ಸಿಪ್ಪೆಯಂತೆ ಬಿಡುವ ಸಂಭವವಿದೆ. ಬೆನ್ನನ್ನು ಅಡ್ಡ ಉದ್ದ ಚೆನ್ನಾಗಿ ತರಿಮಾಡಿ, ಒಂದು ರಾತ್ರಿ ಒತ್ತಿಟ್ಟರೆ ಹಿಡಿತ ಎಷ್ಟೋ ಮೇಲು. ಬಿಸಿಗೆ ಮೆದುವಾಗುವುದು ಅದರ ದೋಷ. ಸುಡುವ ಟೆಂಪೋದಲ್ಲಿ ಪಟ್ಟಿ ಕೂದಲೆಳೆಯಷ್ಟು ಜಾರಬಹುದು. ಆದರೆ ಅದೇ ದೋಷ ರಿಪೇರಿಗೆ ಗುಣವಾಗುತ್ತದೆ, ಕೊಂಚ ಬಿಸಿ ಕೊಟ್ಟು ಬಿಡಿಸಬಹುದು. ಸೆಲ್ಯುಲಾಯ್ಡ್ ಪಟ್ಟಿಗೆ ನನ್ನ ಆಯ್ಕೆ ಇದೇ. ಹಿಡಿತ ಸ್ವಲ್ಪ ಕಡಿಮೆಯಾದರೂ ಪಟ್ಟಿಯನ್ನು ತಿನ್ನುವ ದ್ರಾವಕ ಇದರಲ್ಲಿಲ್ಲ, ಬಿಟ್ಟರೆ ಇನ್ನೊಮ್ಮೆ ಹಚ್ಚಬಹುದು. ಕರಗಿ ಸೊಟ್ಟಗಾದ ಹಳೆಯ ಪಟ್ಟಿಗೆ ಮಾತ್ರ ಇನ್ನೊಂದು ಸಿಗುವುದಿಲ್ಲ. ಹಾಗೆ ಅಂಟಿಸಿದ್ದು ಮುಂದೆ ಎಂದಾದರೂ ತೆಗೆಯಬೇಕಾದರೆ ಸೆಲ್ಯುಲಾಯ್ಡ್‌ಗೆ ಬಿಸಿ ಕೊಡದೆ, ತೆಳು ಅಲಗನ್ನು ಅಂಚಿನಿಂದ ನಿಧಾನವಾಗಿ ನುಗ್ಗಿಸಿಯೇ ಬಿಡಿಸಬೇಕು.

ಸಾಮಾನ್ಯ ಪ್ಲಾಸ್ಟಿಕ್, ಅಕ್ರಿಲಿಕ್ ಪಟ್ಟಿಗೆ ರಬ್ಬರ್ ಅಂಟೇ ಮೇಲು: ಚಪ್ಪಲಿ ಹೊಲಿಯುವವರು, ಸನ್‌ಮೈಕಾ ಹಾಕುವವರು ಬಳಸುವ ಆ ಹಳದಿ ಅಂಟು. ಇದು ಒಣಗಿದ ಮೇಲೂ ರಬ್ಬರಿನಂತೆ ಬಾಗುತ್ತದೆ, 0.2 ಮಿಲಿಮೀಟರಿನ ಎಳೆದಾಟವನ್ನು ತಾನು ನುಂಗಿಕೊಳ್ಳುತ್ತದೆ. ಬಿಡಿಸಬೇಕಾದಾಗ ಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿ, ಒಂದು ತೆಳು ಅಲಗು ಸಾಕು. ಆದರೆ ಇದನ್ನು ಬಳಸುವ ಕ್ರಮ ತಪ್ಪಿದರೆ ಕೆಡುತ್ತದೆ. ಇದರ ದ್ರಾವಕ ಟೊಲೀನ್‌ನಂಥದ್ದು, ಹಸಿಯಾಗಿರುವಾಗಲೇ ಒತ್ತಿಬಿಟ್ಟರೆ ಪಟ್ಟಿಯಡಿ ಸಿಕ್ಕಿಕೊಂಡು ಅಕ್ರಿಲಿಕ್ಕನ್ನೇ ತಿನ್ನುತ್ತದೆ. ಮರಕ್ಕೂ ಪಟ್ಟಿಗೂ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವ ತನಕ ಹತ್ತು ಹದಿನೈದು ನಿಮಿಷ ಕಾದು, ಆಮೇಲೆ ಸರಿಯಾಗಿ ನೋಡಿ ಕೂರಿಸಬೇಕು. ಕೂತ ಮೇಲೆ ಸರಿಸಲು ಆಗುವುದಿಲ್ಲ. ದಪ್ಪಗೆ ಹಚ್ಚಿದರೆ ಆ ಒಂದು ಮನೆ ಪಕ್ಕದವುಗಳಿಗಿಂತ ಎತ್ತರವಾಗುತ್ತದೆ. ಅಷ್ಟು ಸಣ್ಣ ಏರುಪೇರೂ ವೇಗವಾಗಿ ಓಡುವ ಬೆರಳಿಗೆ ತಡೆಯುತ್ತದೆ.

ಮನೆಯನ್ನು ಪೆಟ್ಟಿಗೆಯಿಂದ ಹೊರತೆಗೆದೇ ಅಂಟಿಸಬೇಕು. ತೆಗೆಯುವ ಮೊದಲು ಎಲ್ಲ ಮನೆಗಳಿಗೂ ಪೆನ್ಸಿಲಿನಲ್ಲಿ ಸಾಲುಸಂಖ್ಯೆ ಹಾಕಿಕೊಳ್ಳಬೇಕು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ಅಂಟನ್ನು ಮೊಂಡು ಅಲಗಿನಿಂದ ಕೆರೆದು, ಚಪ್ಪಟೆ ಮರದ ತುಂಡಿಗೆ ಸುತ್ತಿದ ಉಜ್ಜುಕಾಗದದಿಂದ ಮೇಲ್ಮೈ ಸಮಮಾಡಬೇಕು. ಬರಿಗೈಯಲ್ಲಿ ಕಾಗದ ಹಿಡಿದು ಉಜ್ಜಿದರೆ ಅಂಚು ಉರುಟಾಗಿ ಪಟ್ಟಿ ಅಲ್ಲೇ ಮೊದಲು ಏಳುತ್ತದೆ. ಫೆವಿಕಾಲ್ ಹಚ್ಚಿದ್ದಾದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಬಿಗಿಯಾಗಿ ಸುತ್ತಿಟ್ಟರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಬೀಳುತ್ತದೆ.

ಉಸಿರು, ಚರ್ಮ, ಬೆಂಕಿ

ಸುರಕ್ಷತೆ ಎಂದಾಗ ವಾದ್ಯದ ಜೊತೆಗೆ ಅದನ್ನು ರಿಪೇರಿ ಮಾಡುವವರೂ ಸೇರುತ್ತಾರೆ. ರಬ್ಬರ್ ಅಂಟಿನ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯನ್ನು ದೂರದಿಂದಲೇ ಹಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ, ಒಲೆಯ ಹತ್ತಿರ, ಬೀಡಿ ಸೇದುತ್ತ ಈ ಕೆಲಸ ಮಾಡಬಾರದು, ಮಕ್ಕಳ ಕೈಗೆ ಡಬ್ಬಿ ಸಿಗಬಾರದು. ದಿಢೀರ್ ಅಂಟು ಹತ್ತಿ ಬಟ್ಟೆಗೆ ಬಿದ್ದರೆ ಒಮ್ಮೆಗೇ ಬಿಸಿಯಾಗಿ ಚರ್ಮ ಸುಡುವಷ್ಟು ಕಾಯುತ್ತದೆ. ಚೆಲ್ಲಿದ್ದನ್ನು ಪಂಚೆಯ ತುದಿಯಲ್ಲಿ ಒರೆಸುವ ಅಭ್ಯಾಸ ಅಪಾಯದ್ದು. ಎರಡು ಟ್ಯೂಬಿನ ಅಂಟನ್ನು ಬರಿಗೈಯಲ್ಲಿ ಕಲಸುತ್ತ ಹೋದರೆ ಕೆಲವರಿಗೆ ಚರ್ಮದ ಅಲರ್ಜಿ ಬರುತ್ತದೆ, ಒಮ್ಮೆ ಬಂದರೆ ಸುಲಭಕ್ಕೆ ಹೋಗುವುದಿಲ್ಲ. ವಿನಿಗರ್ ವಾಸನೆಯ ಸಿಲಿಕೋನ್ ಅಂಟನ್ನು ಪೆಟ್ಟಿಗೆಯ ಒಳಗೆ ಎಲ್ಲಿಯೂ ಬಳಸಬಾರದು, ಅದರ ಹುಳಿ ಆವಿ ಹಿತ್ತಾಳೆಯ ರೀಡನ್ನು ತಿನ್ನುತ್ತದೆ.

ನಾಟಕ ಶುರುವಾಗುವ ಮುನ್ನ ಹಾರ್ಮೋನಿಯಂಗೆ ಪೂಜೆ ಮಾಡುವುದು ನಮ್ಮ ಕಡೆ ಬಿಡದ ಸಂಪ್ರದಾಯ. ಅರಿಶಿನ ಕುಂಕುಮ, ಹೂವು, ಊದುಬತ್ತಿ, ಕರ್ಪೂರದಾರತಿ. ಪೆಟ್ಟಿಗೆ ಹಳೆಯದಾಗಿ ಪಟ್ಟಿ ಸೆಲ್ಯುಲಾಯ್ಡ್ ಆಗಿದ್ದರೆ, ಅಥವಾ ಅದೇ ಸಂಜೆ ರಬ್ಬರ್ ಅಂಟು ಹಚ್ಚಿದ್ದರೆ, ಆರತಿಯನ್ನು ಎರಡು ಮಾರು ದೂರದಲ್ಲಿಟ್ಟು ಬೆಳಗಬೇಕು. ಊದುಬತ್ತಿಯನ್ನು ಮನೆಗಳ ಸಂದಿಗೆ ಸಿಕ್ಕಿಸಲೇಬಾರದು. ಇದರಿಂದ ಪೂಜೆಗೆ ಕೊರತೆಯಾಗದು.

‘ನಾಟಕದ ನಡುವೆ ಕಿತ್ತರೆ?’

ಇಷ್ಟು ಹೇಳಿದ ಮೇಲೆ ಅನುಭವಸ್ಥರು ಕೇಳುವ ಪ್ರಶ್ನೆ ಇದೆ. ನಡುರಾತ್ರಿ ಕೃಷ್ಣ ಸಂಧಾನದ ದೃಶ್ಯ ನಡೆಯುತ್ತಿದೆ, ಪಟ್ಟಿ ಕಿತ್ತಿತು, ಹತ್ತು ಹದಿನೈದು ನಿಮಿಷ ಅಂಟು ಒಣಗಿಸುತ್ತ ಕೂರಲು ಆಗುತ್ತದೆಯೇ? ನ್ಯಾಯವಾದ ಪ್ರಶ್ನೆ. ಆಗ ಮಾಡಬೇಕಾದದ್ದು ಅಂಟಿಸುವುದನ್ನೇ ಬಿಟ್ಟು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ನುಡಿಸುವುದು, ಏಕೆಂದರೆ ನಾದ ಪಟ್ಟಿಯಲ್ಲಿಲ್ಲ. ಒಂದು ಮಿಲಿಮೀಟರ್ ತಗ್ಗು ಬೆರಳಿಗೆ ಕಿರಿಕಿರಿ ಎನಿಸಿದರೆ ತೆಳುವಾದ ಡಬಲ್ ಸೈಡ್ ಟೇಪಿನ ಒಂದು ತುಂಡು ಬೆಳಗಿನ ತನಕ ಕಾಪಾಡುತ್ತದೆ, ಮಾರನೆಯ ದಿನ ಸುಲಿದು ತೆಗೆಯಬಹುದು. ಆತುರಕ್ಕೆ ದಿಢೀರ್ ಅಂಟು ಬಿಟ್ಟರೆ ಆ ರಾತ್ರಿಯ ಹತ್ತು ನಿಮಿಷ ಉಳಿಯುತ್ತದೆ, ಮುಂದೆ ಒಂದು ಮನೆಯೇ ಹೋಗುತ್ತದೆ.

ಕಾರ್ಖಾನೆಯವರು ಬಿಡದ ಅಂಟನ್ನೇ ಬಳಸುತ್ತಾರಲ್ಲ ಎಂಬುದು ಇನ್ನೊಂದು ಮಾತು. ಕಾರ್ಖಾನೆಯಲ್ಲಿ ಮರ ಹೊಸದು, ಪಟ್ಟಿ ಹೊಸದು, ಒತ್ತುವ ಯಂತ್ರವಿದೆ; ಅಂಟಿಸಿದ ಮೇಲೆ ಅಂಚನ್ನು ಕೊರೆದು ಸಮಮಾಡುತ್ತಾರೆ. ಒಮ್ಮೆ ಮಾರಿದ ಮೇಲೆ ಮತ್ತೆ ಬಿಚ್ಚುವ ಕೆಲಸ ಅವರದಲ್ಲ. ಹಳ್ಳಿಯ ಮೇಷ್ಟ್ರದು ಹಾಗಲ್ಲ, ಅದೇ ಮನೆಯನ್ನು ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಮತ್ತೆ ಯಾರಾದರೂ ಬಿಚ್ಚುತ್ತಾರೆ. ಇಷ್ಟೆಲ್ಲ ಯಾಕೆ, ಈಗ ಎಲೆಕ್ಟ್ರಾನಿಕ್ ಕೀಬೋರ್ಡ್ ಅಗ್ಗವಾಗಿ ಸಿಗುತ್ತದೆ ಎನ್ನುವವರೂ ಇದ್ದಾರೆ. ಸಿಗುತ್ತದೆ, ನಾಟಕಗಳಲ್ಲಿ ಹಾರ್ಮೋನಿಯಂ ಪಕ್ಕಕ್ಕೆ ಬಂದೂ ಕೂತಿದೆ. ಆದರೆ ಕರೆಂಟು ಹೋದಾಗ, ದನಿ ಇಳಿದ ಪಾತ್ರಧಾರಿಯ ಉಸಿರಿಗೆ ತಕ್ಕಂತೆ ಗಾಳಿ ಬಿಗಿಹಿಡಿದು ಆಸರೆ ಕೊಡಬೇಕಾದಾಗ ಕಾಲು ಹಾರ್ಮೋನಿಯಂ ಬೇಕೇ ಬೇಕು. ಒಳ್ಳೆಯ ಜರ್ಮನ್ ರೀಡಿನ ಹಳೆಯ ಪೆಟ್ಟಿಗೆಯನ್ನು ಇಂದು ದುಡ್ಡು ಕೊಟ್ಟರೂ ಹೊಸದಾಗಿ ಮಾಡಿಸಲು ಆಗುವುದಿಲ್ಲ. ರೀಡು ಮೂರು ತಲೆಮಾರು ಬಾಳುತ್ತದೆ. ಅದರ ಮೇಲಿನ ಮರ ಅಂಟಿನ ಆತುರಕ್ಕೆ ಮೊದಲೇ ಹಾಳಾಗುವುದು ನಷ್ಟ, ಅದೂ ತಪ್ಪಿಸಬಹುದಾದ ನಷ್ಟ.

ಕಾರ್ತಿಕದ ಕೆಲಸ

ಕೆಲಸಕ್ಕೆ ಕಾಲವೂ ಮುಖ್ಯ. ನಮ್ಮ ಈ ಭಾಗಕ್ಕೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಉಬ್ಬಿದ ಮರಕ್ಕೆ ಪಟ್ಟಿ ಕೂರಿಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಪಟ್ಟಿಯ ಅಂಚು ಹೊರಚಾಚುತ್ತದೆ, ಪಕ್ಕದ ಮನೆಗೆ ತಾಗುತ್ತದೆ. ಕಡುಬೇಸಿಗೆಯಲ್ಲಿ ಕೂರಿಸಿದರೆ ಇದೇ ತಿರುವುಮುರುವಾಗುತ್ತದೆ. ದೀಪಾವಳಿ ಕಳೆದು ಸಂಕ್ರಾಂತಿ ಬರುವುದರೊಳಗಿನ ಎರಡು ತಿಂಗಳು ಮರ ನಡುಮಟ್ಟದ ತೇವದಲ್ಲಿರುತ್ತದೆ, ನಾಟಕಗಳೂ ಇನ್ನೂ ಬಿರುಸಾಗಿರುವುದಿಲ್ಲ. ಪಟ್ಟಿಗಳನ್ನೆಲ್ಲ ಉಗುರಿನಿಂದ ಒಮ್ಮೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದವನ್ನು ಕಿತ್ತು ಬರುವ ಮೊದಲೇ ಬಿಡಿಸಿ ಕೂರಿಸಲು ಅದೇ ತಕ್ಕ ಹೊತ್ತು.

ಅಂಟಿಸಿದ ಮೇಲೆ ಮನೆಯ ಅಡಿಬದಿಯ ಬರಿ ಮರದ ಮೇಲೆ ಪೆನ್ಸಿಲಿನಲ್ಲಿ ಮೂರು ಸಂಗತಿ ಬರೆದಿಡಬೇಕು: ಪಟ್ಟಿ ಯಾವ ವಸ್ತುವಿನದು, ಅಂಟು ಯಾವುದು, ಯಾವ ವರ್ಷ. ಶಾಯಿ ಬೇಡ, ತೇವಕ್ಕೆ ಹರಡುತ್ತದೆ. ಮುಂದೆ ಅದೇ ಮನೆ ಬಿಚ್ಚುವವರಿಗೆ ಬಿಸಿ ಗಾಳಿ ಹಿಡಿಯಬೇಕೋ, ಒದ್ದೆ ಬಟ್ಟೆ ಹಾಕಬೇಕೋ, ಬಿಸಿಯನ್ನು ಹತ್ತಿರ ತರದೆ ಬರಿ ಅಲಗಿನಲ್ಲೇ ಬಿಡಿಸಬೇಕೋ ಎಂಬುದು ಆ ಒಂದು ಸಾಲು ಓದಿದರೆ ತಿಳಿಯುತ್ತದೆ.